ಗರ್ನ್ಸಿಯ ಕಲ್ಲಿನ ಜಾಡು ಮತ್ತು ಒಂದು ಹಸುವಿನ ಕಥೆ

ಈ ಕಲ್ಲು ನೋಡಿ. ಎರಡೂ ಕಡೆ ಗೋಡೆ ಥರ ಎದ್ದಿದೆ, ನಡುವೆ ಓಣಿ. ಕೆಲವು ಕಡೆ ಐದು ಅಡಿ ಆಳ ಇದೆ. ಗಾಡಿ ಚಕ್ರ, ಎತ್ತಿನ ಗೊರಸು, ಜನರ ಕಾಲು ತುಳಿದು ತುಳಿದು ಸವೆದ ದಾರಿ ಇದು. ನಾವಿರುವುದು ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಗರ್ನ್ಸಿ ಅನ್ನೋ ಸಣ್ಣ ಊರಿನ ಪಕ್ಕ. ಕೆಳಗೆ ಹರಿಯುತ್ತಿರುವುದು ನಾರ್ತ್ ಪ್ಲಾಟ್ ನದಿ. ಈ ಜಾಡು ಒರೆಗಾನ್ ಟ್ರೇಲ್‌ನ, ಅಂದರೆ ವಲಸಿಗರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ದಾರಿಯ, ಒಂದು ತುಂಡು.

ಬಯಲು ಸಿಕ್ಕ ಕಡೆ ಗಾಡಿಗಳು ಅಗಲಕ್ಕೆ ಹರಡಿಕೊಂಡು ಹೋಗುತ್ತಿದ್ದವು. ಮುಂದಿನ ಗಾಡಿಯ ಧೂಳು ಕುಡಿಯುತ್ತಾ ಹೋಗುವುದು ಯಾರಿಗೆ ಬೇಕು, ಅಲ್ವಾ? ಇಲ್ಲಿ ಮಾತ್ರ ನದಿಯಂಚಿನಲ್ಲಿ ದಾರಿಯಿಲ್ಲ. ಎಲ್ಲರೂ ಇದೇ ದಿಬ್ಬ ಹತ್ತಬೇಕಿತ್ತು. ಕಲ್ಲು ಮೆದು ಮರಳುಗಲ್ಲು, ಹಾಗಾಗಿ ಗುರುತು ಉಳಿಯಿತು.

1840ರಿಂದ 1860ರ ದಶಕದವರೆಗೆ ಒರೆಗಾನ್, ಕ್ಯಾಲಿಫೋರ್ನಿಯಾ, ಯೂಟಾ ಕಡೆ ಹೊರಟವರು 3 ಲಕ್ಷಕ್ಕೂ ಜಾಸ್ತಿ. ಮಿಸೌರಿ ನದಿ ದಡದಿಂದ ಒರೆಗಾನ್‌ಗೆ ಸುಮಾರು 3,200 ಕಿಲೋಮೀಟರ್. ವಸಂತದಲ್ಲಿ ಹುಲ್ಲು ಚಿಗುರಿದ ಮೇಲೇ ಹೊರಡಬೇಕು, ಇಲ್ಲದಿದ್ದರೆ ಎತ್ತುಗಳಿಗೆ ಮೇವಿಲ್ಲ. ಹಿಮ ಬೀಳುವ ಮೊದಲು ಬೆಟ್ಟ ದಾಟಬೇಕು, ಇಲ್ಲದಿದ್ದರೆ ಜೀವವೇ ಇಲ್ಲ. ಗಾಡಿ ತುಂಬ ಹಿಟ್ಟು, ಉಪ್ಪು ಹಾಕಿದ ಹಂದಿ ಮಾಂಸ, ಪಾತ್ರೆಪಗಡಿ. ಜನ ಕೂರಲು ಜಾಗವೆಲ್ಲಿ? ಹೆಂಗಸರು, ಮಕ್ಕಳು, ಎಲ್ಲರೂ ಹೆಚ್ಚಿನ ದಾರಿ ನಡೆದೇ ಹೋದರು. ಸೌದೆ ಸಿಗದ ಬಯಲಲ್ಲಿ ಒಣಗಿದ ಬೈಸನ್ (ಅಮೆರಿಕದ ಕಾಡುದನ) ಸಗಣಿಯನ್ನು ಬೆರಣಿ ಥರ ಉರಿಸಿ ಅಡುಗೆ ಮಾಡಿದರು. ಕಾಲರಾ ಬಂದು ಎಷ್ಟೋ ಜನ ದಾರಿಯಲ್ಲೇ ಸತ್ತರು.

ಅವರ ಕಷ್ಟ ದೊಡ್ಡದು. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಈ ದಾರಿ ಬೇರೆಯವರ ನೆಲದ ಮೇಲೆ ಹಾಯ್ದಿತ್ತು. ಲಕೋಟ, ಶೈಯೆನ್, ಅರಪಾಹೋ ಎಂಬ ಮೂಲನಿವಾಸಿ ಜನ ಇಲ್ಲಿ ಬೈಸನ್ ಬೇಟೆಯಾಡಿ ಬದುಕುತ್ತಿದ್ದರು. ವಲಸಿಗರ ದನಗಳು ನದಿ ಪಕ್ಕದ ಹುಲ್ಲನ್ನೆಲ್ಲ ಮೇಯ್ದವು. ಬೈಸನ್ ಹಿಂಡುಗಳು ದೂರ ಸರಿದವು. 1851ರಲ್ಲಿ ಸರ್ಕಾರ ಇವರ ಜೊತೆ ಒಪ್ಪಂದ ಮಾಡಿಕೊಂಡಿತು. ದಾರಿಗೆ, ಕೋಟೆಗಳಿಗೆ ಜಾಗ ಬಿಡಿ, ವರ್ಷಕ್ಕೆ 50,000 ಡಾಲರ್ ಬೆಲೆಯ ಸಾಮಾನು ಕೊಡುತ್ತೇವೆ, 50 ವರ್ಷ ಕೊಡುತ್ತೇವೆ ಅಂದರು. ಆಮೇಲೆ ಸೆನೆಟ್, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆ, ಆ 50 ವರ್ಷವನ್ನು 10ಕ್ಕೆ ಇಳಿಸಿತು.

ಈಗ ಹಸುವಿನ ಕಥೆಗೆ ಬರುತ್ತೇನೆ. ನಡೆದದ್ದು ಇಲ್ಲಿಂದ ಪೂರ್ವಕ್ಕೆ, ಫೋರ್ಟ್ ಲಾರಮಿ ಎಂಬ ಸೈನ್ಯದ ಕೋಟೆ ಹತ್ತಿರ, 1854ರ ಆಗಸ್ಟ್‌ನಲ್ಲಿ. ಆ ವರ್ಷದ ಸಾಮಾನಿಗಾಗಿ ಸಾವಿರಾರು ಲಕೋಟ ಜನ ಕಾಯುತ್ತಾ ಬೀಡುಬಿಟ್ಟಿದ್ದರು. ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಒಬ್ಬ ವಲಸಿಗನ ಹಸು ತಪ್ಪಿಸಿಕೊಂಡು ಅವರ ಬೀಡಿಗೆ ನುಗ್ಗಿತು. ಹೈ ಫೋರ್‌ಹೆಡ್ ಎಂಬಾತ ಅದನ್ನು ಕೊಂದ. ಜನ ತಿಂದರು. ಮುಖಂಡ ಕಾಂಕರಿಂಗ್ ಬೇರ್ ತಾನೇ ಕೋಟೆಗೆ ಹೋಗಿ, ಹಸುವಿನ ಬದಲು ಕುದುರೆ ಕೊಡುತ್ತೇನೆ ಅಂದರು. ಒಪ್ಪಂದ ಹೇಳಿದ್ದೂ ಅದನ್ನೇ: ನಷ್ಟ ಆದರೆ ಪರಿಹಾರ ಕೊಡಬೇಕು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗ್ರಾಟನ್ ಎಂಬ ಎಳೆಯ ಲೆಫ್ಟಿನೆಂಟ್ 29 ಸೈನಿಕರು ಮತ್ತು ಎರಡು ಫಿರಂಗಿ ಕಟ್ಟಿಕೊಂಡು, ಹಸು ಕೊಂದವನನ್ನು ಹಿಡಿಯಲು ಹೊರಟ. ಜೊತೆಗಿದ್ದ ದುಭಾಷಿ ಕುಡಿದಿದ್ದ, ಲಕೋಟ ಜನರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಮಾತು ಕೆಟ್ಟಿತು, ಗುಂಡು ಹಾರಿತು. ರಾಜಿಗೆ ಬಂದಿದ್ದ ಕಾಂಕರಿಂಗ್ ಬೇರ್‌ಗೇ ಗುಂಡು ತಗುಲಿತು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಲಕೋಟ ಯೋಧರು ತಿರುಗಿಬಿದ್ದರು. ಗ್ರಾಟನ್ ಮತ್ತು ಅವನ ಸೈನಿಕರಲ್ಲಿ ಒಬ್ಬರೂ ಉಳಿಯಲಿಲ್ಲ.

ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಜನರಲ್ ಹಾರ್ನಿ ಸೇಡಿಗೆ ಬಂದ. ನೆಬ್ರಾಸ್ಕಾದ ಬ್ಲೂ ವಾಟರ್ ಹಳ್ಳದ ಬಳಿ ಬೀಡುಬಿಟ್ಟಿದ್ದ ಲಕೋಟ ಜನರ ಮೇಲೆ ಸೈನ್ಯ ಬಿತ್ತು. 86 ಜನ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಈ ಸಾಲು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂದು ಕುದುರೆ ಪಡೆದು ಸುಮ್ನೆ ಬಿಟ್ಟಿದ್ದರೆ ಸಾಕಿತ್ತು.

1868ರಲ್ಲಿ ಫೋರ್ಟ್ ಲಾರಮಿಯಲ್ಲಿ ಮತ್ತೊಂದು ಒಪ್ಪಂದ ಆಯಿತು. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಲಕೋಟ ಜನರಿಗೇ ಸೇರಿದ್ದು ಅಂತ ಬರೆದುಕೊಟ್ಟರು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರ್ಕಾರ ಆ ಬೆಟ್ಟಗಳನ್ನು ಕಿತ್ತುಕೊಂಡಿತು. ನೂರು ವರ್ಷ ಕಳೆದ ಮೇಲೆ, 1980ರಲ್ಲಿ, ಸುಪ್ರೀಂ ಕೋರ್ಟ್ ಅದಕ್ಕೆ ಪರಿಹಾರ ಕೊಡಲೇಬೇಕು ಎಂದು ತೀರ್ಪು ಕೊಟ್ಟಿತು. ಮೊತ್ತ 10 ಕೋಟಿ ಡಾಲರ್‌ಗೂ ಹೆಚ್ಚು. ಲಕೋಟ ಜನ ಆ ಹಣವನ್ನು ಇವತ್ತಿಗೂ ಮುಟ್ಟಿಲ್ಲ. ಅದು ಸರ್ಕಾರದ ಖಾತೆಯಲ್ಲಿ ಬಡ್ಡಿ ಸಮೇತ ಬೆಳೆಯುತ್ತಾ ಕೂತಿದೆ. ಅವರು ಕೇಳುತ್ತಿರುವುದು ಬೆಟ್ಟಗಳನ್ನು.