ಕುರ್ಚೀನ ಒಂದ್ಸಲ ತಲೆಕೆಳಗೆ ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ. ರೇಡಿಯೋದವ್ರು ನನಗೆ ‘ಹಳೆಯ ಪೀಠೋಪಕರಣಗಳ ನವೀಕರಣ ಮತ್ತು ಮಾರಾಟ’ ಅಂತ ವಿಷಯ ಕೊಟ್ಟಿದಾರೆ, ಆದ್ರೆ ಈ ಪೀಠೋಪಕರಣ ಅನ್ನೋ ಮಾತು ನಮ್ಮ ಕೆಲಸದಲ್ಲಿ ಯಾರ ಬಾಯಲ್ಲೂ ಬರಲ್ಲ, ಬೆಂಗಳೂರಿನ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗಿ ಪೀಠೋಪಕರಣ ಇದ್ಯಾ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ನಮ್ಮಲ್ಲಿ ಅದು ಮಾಲು. ‘ಒಂದ್ ಒಳ್ಳೆ ಮಾಲ್ ಬಂದಿದೆ ಮೇಡಂ, ಬಂದು ನೋಡ್ಕೊಂಡು ಹೋಗಿ’ ಅಂತ ಫೋನ್ ಬರತ್ತೆ, ನಾನು ಚಪ್ಪಲಿ ಹಾಕ್ಕೊಂಡು ಹೊರಡ್ತೀನಿ.

ನನ್ನ ಮೊದಲನೇ ಮಾಲು ಕೊಂಡಿದ್ದಲ್ಲ, ಮನೇದೇ. ಚಾಮರಾಜಪೇಟೆಲಿ ನಮ್ಮತ್ತೆ ಮನೆ ಬಿಲ್ಡರ್‌ಗೆ ಕೊಟ್ಟಾಗ ಅಟ್ಟದಿಂದ ಒಂದು ಮೂರು ಕಾಲಿನ ಟೀಪಾಯಿ ಇಳೀತು, ಕಪ್ಪಗೆ, ಜಿಡ್ಡುಜಿಡ್ಡಾಗಿ, ಒಂದು ಕಾಲು ಅಲ್ಲಾಡ್ತಿತ್ತು. ಆಗ ನಾನು ದಿನಾ ಮೊಬೈಲಲ್ಲಿ ವಿಡಿಯೋ ನೋಡ್ತಿದ್ದೆ, ಹಳೇ ಟೇಬಲ್‌ಗೆ ಬಿಳಿ ಚಾಕ್ ಪೇಂಟ್ ಹೊಡೆದು ಅಂಚೆಲ್ಲ ಸ್ವಲ್ಪ ಉಜ್ಜಿ ಸವೆದ ಹಾಗೆ ಮಾಡ್ತಾರಲ್ಲ, ಅದೇ. ಎರಡು ದಿನ ಕೂತು ಹೊಡೆದೆ, ಚೆನ್ನಾಗೇ ಕಾಣ್ತಿತ್ತು, ಸುಳ್ಳು ಹೇಳಲ್ಲ. ಆ ಅಲ್ಲಾಡೋ ಕಾಲು ಒಂದು ರಿಪೇರಿ ಮಾಡಿಸ್ಬೇಕಿತ್ತು, ಪಾಲಿಶ್ ಕೆಲಸ ಮಾಡೋ ಒಬ್ಬ ಚಾಚಾ ಹತ್ರ ತಗೊಂಡು ಹೋದೆ. ಅವ್ರು ಮೇಲ್ಗಡೆ ನೋಡ್ಲೇ ಇಲ್ಲ. ಟೀಪಾಯಿನ ಎತ್ತಿ ಬೋರಲು ಹಾಕಿ, ಕೆಳಗೆ ನಾನು ಪೇಂಟ್ ಹೊಡೀದೇ ಬಿಟ್ಟಿದ್ದ ಜಾಗದಲ್ಲಿ ಉಗುರಲ್ಲಿ ಒಂದು ಗೀರು ಹಾಕಿ, ಬೆರಳನ್ನ ಮೂಗಿನ ಹತ್ರ ಹಿಡ್ಕೊಂಡು, ಆಮೇಲೆ ನನ್ನ ಮುಖ ನೋಡಿದ್ರು. ‘ಏನಮ್ಮಾ ಇದು, ಬೀಟೆಗೆ ಸುಣ್ಣ ಹೊಡ್ದಿದೀರಾ?’ ಬೀಟೆ ಅಂದ್ರೆ ರೋಸ್‌ವುಡ್, ಬೆಲೆಬಾಳೋ ಮರ.

ನಾನು ಇವತ್ತು ನಿಮಗೆ ಹೇಳ್ಬೇಕು ಅಂತ ಬಂದಿರೋದು ಇಷ್ಟೇ ನೋಡಿ, ಈ ವ್ಯಾಪಾರದಲ್ಲಿ ದುಡ್ಡಿರೋದು ಬ್ರಷ್‌ನಲ್ಲಲ್ಲ, ಮಾಲಿನ ಹೊಟ್ಟೆ ಕೆಳಗೆ. ಮೇಲ್ಗಡೆ ಎಲ್ಲಾನೂ ಸುಳ್ಳು ಹೇಳತ್ತೆ, ಪಾಲಿಶ್ ಸುಳ್ಳು ಹೇಳತ್ತೆ, ಸನ್‌ಮೈಕಾ ಸುಳ್ಳು ಹೇಳತ್ತೆ. ಕೆಳಗಡೆಗೆ ಯಾರೂ ಪೌಡರ್ ಹಾಕಿರಲ್ಲ.

ಬಗ್ಗಿ ನೋಡಿದ್ರೆ ಏನು ಕಾಣತ್ತೆ? ಮೊದ್ಲು ಮರ. ತೇಗ ಆದ್ರೆ ಕೆರೆದಾಗ ಚರ್ಮದ ಥರ ಒಂದು ಎಣ್ಣೆ ವಾಸನೆ, ಕೈಗೂ ಸ್ವಲ್ಪ ಜಿಡ್ಡು ಅನ್ಸತ್ತೆ. ಬೀಟೆ ಆದ್ರೆ ಸಿಹಿ ವಾಸನೆ, ಬಣ್ಣ ನೇರಳೆ ಮಿಶ್ರ ಕಂದು, ಮತ್ತೆ ಎತ್ತಿದ ತಕ್ಷಣ ಗೊತ್ತಾಗತ್ತೆ, ಅದೇ ಸೈಜಿನ ತೇಗದ್ದಕ್ಕಿಂತ ಭಾರ. ಆಮೇಲೆ ಜೋಡಣೆ. ಹಳೇ ಆಚಾರ್ರ ಕೆಲಸದಲ್ಲಿ ಒಂದು ಕಡೆ ತೂತು, ಇನ್ನೊಂದು ಕಡೆ ನಾಲಿಗೆ ಥರ ಕೊರೆದು ಒಳಗೆ ಕೂರಿಸಿ, ಅಡ್ಡಕ್ಕೆ ಒಂದು ಬಿದಿರಿನ ಗೂಟ ಹೊಡೆದಿರ್ತಾರೆ, ಅಂಥದ್ದು ಅಲ್ಲಾಡ್ತಿದ್ರೂ ಹೆದರ್ಬೇಡಿ, ಬಿಚ್ಚಿ ಹಳೇ ಗೋಂದು ಕೆರೆದು ಫೆವಿಕಾಲ್ ಹಾಕಿ ಒಂದು ದಿನ ಕ್ಲಾಂಪ್ ಬಿಗಿದಿಟ್ರೆ ಇನ್ನೊಂದು ತಲೆಮಾರು ಕೂತ್ಕೊಬಹುದು. ಅದೇ ಕೆಳಗಡೆ ಪುಡಿ ಒತ್ತಿ ಮಾಡಿರೋ ಪಾರ್ಟಿಕಲ್ ಬೋರ್ಡ್ ಇದ್ದು, ನೀರು ಬಿದ್ದು ಬಿಸ್ಕತ್ತಿನ ಥರ ಊದಿಕೊಂಡಿದ್ರೆ, ಫ್ರೀಯಾಗಿ ಕೊಟ್ರೂ ಬೇಡ, ಅದ್ರಲ್ಲಿ ಸ್ಕ್ರೂನೇ ನಿಲ್ಲಲ್ಲ. ಪಿಜಿಗಳು ಖಾಲಿ ಮಾಡುವಾಗ ಇಂಥದ್ದು ಲೋಡುಗಟ್ಟಲೆ ಬರತ್ತೆ, ನಾನು ಒಂದ್ಸಲ ಆಸೆಬಿದ್ದು ಆರು ಸ್ಟಡಿ ಟೇಬಲ್ ತಂದು ಮೂರು ತಿಂಗಳು ಮನೆಯವ್ರ ಹತ್ರ ಬೈಸ್ಕೊಂಡಿದೀನಿ.

ಮಧ್ಯದಲ್ಲಿ ವಿನೀರ್ ಅಂತ ಒಂದಿದೆ, ಅಗ್ಗದ ಪ್ಲೈ ಮೇಲೆ ತೇಗದ ತೆಳ್ಳನೆ ಸಿಪ್ಪೆ ಅಂಟಿಸಿರ್ತಾರೆ, ಅರ್ಧ ಮಿಲಿಮೀಟರ್ ಇರತ್ತೆ ಅಷ್ಟೇ. ಇದನ್ನ ಕಂಡುಹಿಡಿಯೋಕೆ ಅಂಚು ನೋಡಿ, ಮೇಲಿನ ಗೆರೆಗಳು ಪಕ್ಕಕ್ಕೂ ಇಳಿದು ಬಂದಿದ್ರೆ ಗಟ್ಟಿ ಮರ, ಅಂಚಲ್ಲಿ ಬೇರೆ ಪಟ್ಟಿ ಅಂಟಿಸಿದ್ರೆ ವಿನೀರ್. ಅದಕ್ಕೆ ಉಜ್ಜೋ ಮೆಷಿನ್ ಇಟ್ರೆ ಒಂದೇ ನಿಮಿಷದಲ್ಲಿ ತೇಗ ಹೋಗಿ ಪ್ಲೈ ಹಲ್ಲು ಕಿರೀತಾ ಇರತ್ತೆ, ಕೈಯಲ್ಲೇ 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಬೇಕು. ಮರ ಗುರುತಿಸೋದು ಶಾಸ್ತ್ರೋಕ್ತವಾಗೇ ಕಲೀಬೇಕು ಅಂದ್ರೆ ಮಲ್ಲೇಶ್ವರಂ 18ನೇ ಕ್ರಾಸಲ್ಲಿ ಮರ ವಿಜ್ಞಾನದ ಸಂಸ್ಥೆನೇ ಇದೆ, ಅಲ್ಲಿ ಟ್ರೈನಿಂಗ್ ಕೊಡ್ತಾರೆ, ಬೆಂಗಳೂರಲ್ಲೇ ಇದ್ದು ನಮಗೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನು ಹುಳ. ಗೆದ್ದಲು ಬಂದ್ರೆ ಮಣ್ಣು ಕಟ್ಟತ್ತೆ, ಕಣ್ಣಿಗೆ ಬೀಳತ್ತೆ. ಕುಟ್ಟೆ ಹಾಗಲ್ಲ, ಗುಂಡುಸೂಜಿ ತಲೆಯಷ್ಟು ತೂತು ಮಾತ್ರ ಇರತ್ತೆ, ಕೆಳಗೆ ಸಣ್ಣಕ್ಕೆ ಮೈದಾ ಹಿಟ್ಟಿನ ಥರ ಉದುರಿರತ್ತೆ. ತೂತು ಇದ್ದ ಮಾತ್ರಕ್ಕೆ ಬಿಟ್ಟು ಬರಬೇಡಿ, ಅದು ಯಾವ ಕಾಲದ್ದೋ ಆಗಿರಬಹುದು, ಮಾಲಿನ ಕಾಲನ್ನ ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿ ಕೆಳಗೊಂದು ಕಪ್ಪು ಪೇಪರ್ ಹಾಸಿ ನಾಕು ದಿನ ಬಿಟ್ಟು ನೋಡಿ, ಹೊಸ ಹಿಟ್ಟು ಬಿದ್ದಿದ್ರೆ ಒಳಗೆ ಸಂಸಾರ ನಡೀತಿದೆ ಅಂತ ಅರ್ಥ. ಅವಕ್ಕೆ ಬೇಕಾಗಿರೋದು ಮರದ ಹೊರಗಿನ ಬಿಳಿ ಭಾಗ, ಒಳಗಿನ ಚೇಗನ್ನ ಸಾಮಾನ್ಯವಾಗಿ ಮುಟ್ಟಲ್ಲ, ಹಾಗಾಗಿ ಸಿರಿಂಜ್‌ನಲ್ಲಿ ತೂತು ತೂತಿಗೂ ಔಷಧಿ ಬಿಟ್ಟು ಪ್ಲಾಸ್ಟಿಕ್ ಸುತ್ತಿಟ್ಟು ಉಳಿಸಿಕೊಂಡಿರೋ ಮಾಲು ನನ್ನ ಹತ್ರ ಬೇಕಾದಷ್ಟಿದೆ.

ಪಾಲಿಶ್ ಯಾವುದು ಅನ್ನೋದೂ ಕೆಳಗಡೇನೇ ಗೊತ್ತಾಗೋದು. ಕಾಣದೇ ಇರೋ ಮೂಲೇಲಿ ಹತ್ತಿಲಿ ಸ್ವಲ್ಪ ಸ್ಪಿರಿಟ್ ಒತ್ತಿ, ಅಂಟಂಟಾದ್ರೆ ಅದು ಅರಗಿನ ಪಾಲಿಶ್, ನಾವು ಫ್ರೆಂಚ್ ಪಾಲಿಶ್ ಅಂತೀವಲ್ಲ ಅದು, ಮರದ ಮೇಲೆ ಹುಳ ಕಟ್ಟೋ ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿ ಮಾಡೋದು. ಏನೂ ಆಗ್ಲಿಲ್ಲ ಅಂದ್ರೆ ಈಗಿನ ಕೆಮಿಕಲ್ ಪಾಲಿಶ್, ಮೆಲಮೈನೋ ಪಿಯುನೋ. ಅರಗಿನ ಪಾಲಿಶ್ ಆದ್ರೆ ದಯವಿಟ್ಟು ಪೂರ್ತಿ ಕೆರೀಬೇಡಿ, ಅದರ ಗುಣವೇ ಹಾಗೆ, ಹೊಸ ಅರಗು ಹಳೇ ಅರಗನ್ನ ಕರಗಿಸ್ಕೊಂಡು ಒಂದಾಗತ್ತೆ. ನಮ್ಮ ಮನೆಗಳ ಟೇಬಲ್ ಮೇಲೆಲ್ಲ ಬಿಸಿ ಕಾಫಿ ಲೋಟ ಇಟ್ಟು ಇಟ್ಟು ಬಿಳಿ ಉಂಗುರ ಬಿದ್ದಿರತ್ತಲ್ಲ, ಜನ ಅದನ್ನ ನೋಡಿ ಟೇಬಲ್ ಹಾಳಾಯ್ತು ಅಂತ ಗುಜರಿಗೆ ಹಾಕ್ತಾರೆ, ಅದು ಬರೀ ಮೇಲಿನ ಅರಗಿನ ಪದರದಲ್ಲಿ ಸಿಕ್ಕಿಕೊಂಡಿರೋ ತೇವ. ಚಾಚಾ ಮಾಡೋದು ನೋಡ್ಬೇಕು, ಹತ್ತಿ ಉಂಡೆ ಕಟ್ಟಿ ಅದನ್ನ ಹಳೇ ಪಂಚೆ ಬಟ್ಟೆಲಿ ಸುತ್ತಿ, ಸ್ಪಿರಿಟ್ ಒಂದೆರಡು ತೊಟ್ಟು ಹಾಕಿ, ಅಂಗೈಗೆ ಒತ್ತಿ ನೋಡ್ತಾರೆ, ತಣ್ಣಗೆ ಅನ್ನಿಸಬೇಕು ಆದ್ರೆ ಒದ್ದೆ ಅನ್ನಿಸಬಾರ್ದು, ಆಮೇಲೆ ವಿಮಾನ ಇಳಿದು ಹತ್ತೋ ಹಾಗೆ ಟೇಬಲ್ ಮೇಲೆ ಸವರಿ ಕೈ ಎತ್ತಿಬಿಡ್ತಾರೆ, ನಿಲ್ಲಿಸೋದೇ ಇಲ್ಲ, ನಿಲ್ಲಿಸಿದ್ರೆ ಅಲ್ಲಿ ಕಿತ್ಕೊಂಡು ಬರತ್ತೆ. ನಾಕೈದು ಸಲಕ್ಕೆ ಉಂಗುರ ಮಾಯ. ನಾನು ಕಲಿಯೋಕೆ ಒಂದು ವರ್ಷ ತಗೊಂಡೆ, ಇನ್ನೂ ಅವರಷ್ಟು ಬರಲ್ಲ.

ಮಳೆಗಾಲದಲ್ಲಿ ಮಾತ್ರ ಇದು ಬೇಡ. ಜುಲೈ ಆಗಸ್ಟಲ್ಲಿ ನಮ್ಮೂರ ಜಿಟಿಜಿಟಿಗೆ ಅರಗಿನ ಪಾಲಿಶ್ ಮೇಲೆ ಮಂಜು ಕವಿದ ಹಾಗೆ ಬೆಳ್ಳಗಾಗಿಬಿಡತ್ತೆ, ಆ ಎರಡು ತಿಂಗಳು ನಾನು ಬೆತ್ತದ ಕೆಲಸ, ರಿಪೇರಿ ಕೆಲಸ ಇಟ್ಕೋತೀನಿ. ಬೆತ್ತ ಅಂದಾಗ ಒಂದು ಮಾತು, ನಿಮ್ಮ ಮನೆಲಿ ಬೆತ್ತದ ಕುರ್ಚಿ ಜೋತುಬಿದ್ದಿದ್ದು ಎಳೆ ಕಿತ್ತಿಲ್ಲ ಅಂದ್ರೆ ಹೊಸದಾಗಿ ಹೆಣೆಸೋಕೆ ಓಡಬೇಡಿ. ಮತ್ತೆ ಅದೇ, ಬೋರಲು ಹಾಕಿ! ಮೇಲ್ಗಡೆ ಪಾಲಿಶ್ ಇರತ್ತೆ, ನೀರು ಕುಡಿಯಲ್ಲ, ಕೆಳಗಡೆಯಿಂದ ಒದ್ದೆ ಬಟ್ಟೆಲಿ ಚೆನ್ನಾಗಿ ನೆನೆಸಿ, ಒಂದು ದಿನ ಯಾರನ್ನೂ ಕೂರಿಸದೆ ನೆರಳಲ್ಲಿ ಒಣಗಿಸಿ, ಒಣಗ್ತಾ ಒಣಗ್ತಾ ತಮಟೆ ಥರ ಬಿಗಿಯಾಗತ್ತೆ.

ಹುಷಾರಾಗಿರಬೇಕಾದ್ದು ಎರಡು ವಿಷಯ ಬೇಗ ಹೇಳಿಬಿಡ್ತೀನಿ. ಹಳೇ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು, ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರ್ದು ಅನ್ನೋ ರೂಲ್ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ, ಹಾಗಾಗಿ ಅಜ್ಜಿ ಕಾಲದ ಹಸಿರು ಪೇಂಟಿನ ತೊಟ್ಟಿಲನ್ನ ಒಣಗಿದ್ದಂಗೇ ಉಜ್ಜಿ ಆ ಧೂಳು ಕುಡಿಯೋಕೆ ಹೋಗ್ಬೇಡಿ, ನೀರು ಹಾಕ್ಕೊಂಡು ಉಜ್ಜಿ, ಒಳ್ಳೇ ಮಾಸ್ಕ್ ಹಾಕಿ, ಮಕ್ಕಳನ್ನ ಬಸುರಿ ಹೆಂಗಸರನ್ನ ಹತ್ರ ಸೇರಿಸಬೇಡಿ. ಇನ್ನೊಂದು ಅಗಸೆ ಎಣ್ಣೆ ಒರೆಸಿದ ಬಟ್ಟೆ, ಅದನ್ನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಎಣ್ಣೆ ಒಣಗುವಾಗ ಹುಟ್ಟೋ ಬಿಸಿಗೆ ತಾನಾಗೇ ಬೆಂಕಿ ಹತ್ಕೋಬಹುದು, ಕಡ್ಡಿ ಗೀರೋದೇ ಬೇಡ, ಹರವಿ ಒಣಗಿಸಿ ಇಲ್ಲಾ ನೀರಿನ ಬಕೆಟ್‌ಗೆ ಹಾಕಿ.

ಮಾಲು ಎಲ್ಲಿ ಸಿಗತ್ತೆ ಅಂತ ಎಲ್ಲರೂ ಕೇಳ್ತಾರೆ. ಶಿವಾಜಿನಗರ ಇದೆ, ಭಾನುವಾರದ ಬಜಾರ್ ಇದೆ, ಆದ್ರೆ ನನಗೆ ಒಳ್ಳೇದೆಲ್ಲ ಸಿಕ್ಕಿರೋದು ಬಸವನಗುಡಿ, ಮಲ್ಲೇಶ್ವರಂ ಕಡೆ ಒಡೆಯೋ ಮನೆಗಳಲ್ಲಿ. 1898ರ ಪ್ಲೇಗ್ ಆದ್ಮೇಲೆ ಎದ್ದ ಬಡಾವಣೆಗಳು ಇವು, ಮನೆಗಳು ಮೂರು ನಾಕು ತಲೆಮಾರು ಕಂಡಿವೆ, ಈಗ ಮಕ್ಕಳೆಲ್ಲ ಹೊರದೇಶ, ಅಪಾರ್ಟ್‌ಮೆಂಟ್ ಬರತ್ತೆ, ಎರಡು ವಾರದಲ್ಲಿ ಮನೆ ಖಾಲಿ ಮಾಡ್ಬೇಕು. ಅಂಥ ಕಡೆ ಚೌಕಾಸಿ ಮಾಡೋಕೆ ನನಗೆ ಬಾಯಿ ಬರಲ್ಲ, ಅದು ವ್ಯಾಪಾರಕ್ಕೆ ಒಳ್ಳೇದಲ್ಲ ಅಂತ ಗೊತ್ತು. ಒಂದು ಮನೆಲಿ ಯಜಮಾನ್ರು, ಎಂಬತ್ತರ ಮೇಲಾಗಿತ್ತು ವಯಸ್ಸು, ಆರಾಮ ಕುರ್ಚಿನ ಲಗೇಜ್ ಆಟೋಗೆ ಹತ್ತಿಸುವಾಗ ಓಡಿಬಂದು ‘ತಾಳಮ್ಮ, ಇನ್ನೊಂದ್ಸಲ ಕೂತ್ಕೊಂಡು ಬಿಡ್ತೀನಿ’ ಅಂದ್ರು, ರಸ್ತೆ ಮೇಲೇ ಇಳಿಸಿದ್ವಿ, ಕೂತ್ರು, ಆಟೋದವನು ವೇಟಿಂಗ್ ಚಾರ್ಜ್ ಕೇಳಿದ, ಕೊಟ್ಟೆ.

ಲೆಕ್ಕಕ್ಕೆ ಬರೋಣ. ಹೋದ ವರ್ಷ ಒಂದು ಜೊತೆ ತೇಗದ ಕುರ್ಚಿ ತಂದೆ, 3,000ಕ್ಕೆ. ಆಟೋ 700, ಬೆತ್ತ ಹೆಣೆಸಿದ್ದು 2,400, ಪೇಪರ್ರು ಅರಗು ಸ್ಪಿರಿಟ್ಟು ಎಲ್ಲಾ ಸೇರಿ 600. ಒಟ್ಟು 6,700. ಮಾರಿದ್ದು 11,000ಕ್ಕೆ. ಆಹಾ 4,300 ಲಾಭ ಅಂತ ಖುಷಿಪಟ್ಟೆ, ನಮ್ಮ ಮಗಳು ಕೇಳಿದ್ಲು ‘ಅಮ್ಮಾ ನೀನೆಷ್ಟು ದಿನ ಕೂತೆ?’ ಅಂತ. ಐದು ದಿನ. ದಿನಕ್ಕೆ 860 ಬಿತ್ತು, ಅಂದ್ರೆ ನಾನು ಇಟ್ಕೊಂಡಿರೋ ಹೆಲ್ಪರ್ ಹುಡುಗನ ಕೂಲಿಗಿಂತ ಕಮ್ಮಿ! ಅವತ್ತಿಂದ ನನ್ನ ಕೂಲಿ ಮೊದಲು ಬರೆದುಕೊಂಡು ಆಮೇಲೆ ರೇಟ್ ಹೇಳ್ತೀನಿ, ಗಿರಾಕಿ ಹೋದ್ರೆ ಹೋಗ್ಲಿ.

ಜಿಎಸ್‌ಟಿ ಬಗ್ಗೆ ಭಯ ಬೇಡ, ಬರೀ ಸರಕು ಮಾರೋರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಬೇಕಿಲ್ಲ, ದಾಟಿದ್ರೂ ಹಳೇ ಸಾಮಾನಿಗೆ ಕೊಂಡ ಬೆಲೆ ಮಾರಿದ ಬೆಲೆ ನಡುವಿನ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕಟ್ಟೋ ದಾರಿ ಇದೆ, ಆದ್ರೆ ಅದು ಮಾಲಿನ ಸ್ವರೂಪ ಬದಲಾಗದೇ ಇರೋ ಸಣ್ಣಪುಟ್ಟ ಕೆಲಸ ಮಾಡಿದ್ದಾಗ, ನಿಮ್ಮ ಆಡಿಟರ್‌ನ ಕೇಳ್ಕೊಳ್ಳಿ. ಬೀಟೆನ ಹೊರದೇಶಕ್ಕೆ ಕಳಿಸ್ತೀನಿ ಅಂದ್ರೆ ಮಾತ್ರ ಯೋಚ್ನೆ ಮಾಡಿ, 2017ರ ಜನವರಿಯಿಂದ ನಮ್ಮ ಬೀಟೆ ಸೇರಿ ಆ ಜಾತಿಯ ಹೆಚ್ಚುಕಮ್ಮಿ ಎಲ್ಲ ಮರಗಳೂ ಅಳಿವಿನ ಭಯ ಇರೋ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಲಿವೆ, ಪರ್ಮಿಟ್ ವಿಚಾರ ಬರತ್ತೆ.

ಮಾರುವಾಗ ಫೋಟೋ ಬೆಳಗಿನ ಬಿಸಿಲಲ್ಲಿ ತೆಗೀರಿ, ಬಿರುಕು ಇದ್ರೆ ಬಿರುಕಿನದ್ದೂ ಹಾಕಿ, ಅಳತೆ ಇಂಚಲ್ಲಿ ಬರೀರಿ. ಗಿರಾಕಿಗೆ ಮೊದಲು ಕೇಳಬೇಕಾದ್ದು ಬಜೆಟ್ ಅಲ್ಲ, ಲಿಫ್ಟಿನ ಬಾಗಿಲೆಷ್ಟು ಅಂತ. ವೈಟ್‌ಫೀಲ್ಡ್‌ನಲ್ಲಿ ಹನ್ನೊಂದನೇ ಫ್ಲೋರಿಗೆ ಒಂದು ಬೀರು ಮೆಟ್ಟಿಲಲ್ಲಿ ಹೊರಿಸಿ ನಾನು ಪಟ್ಟ ಪಾಡು ಯಾರಿಗೂ ಬೇಡ. ಮತ್ತೆ ಯಾರಾದ್ರೂ ಮಾಲು ನೋಡ್ದೇನೇ ಓಕೆ ಮೇಡಂ, ಅಡ್ವಾನ್ಸ್ ಹಾಕ್ತೀನಿ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ್ರೆ ಫೋನ್ ಇಡಿ. ದುಡ್ಡು ಬರೋಕೆ ಪಿನ್ ಬೇಕಿಲ್ಲ, ಪಿನ್ ಕೇಳೋದು ಹೋಗೋಕೆ ಮಾತ್ರ. ನಾನು ಮೂರು ಅಂಕಿ ಒತ್ತಿದ್ದೆ, ನಾಲ್ಕನೇದು ಒತ್ತೋ ಹೊತ್ತಿಗೆ ಕುಕ್ಕರ್ ವಿಷಲ್ ಹೊಡೀತು, ಎದ್ದುಹೋದೆ, ಬಚಾವಾದೆ.

ಆ ಬೀಟೆ ಟೀಪಾಯಿ ಏನಾಯ್ತು ಅಂತ ಕೇಳ್ತೀರೇನೋ. ಚಾಚಾ ಕಾಲು ಕೂರಿಸಿ ಕೊಟ್ರು, ದುಡ್ಡು ತಗೊಳ್ಲಿಲ್ಲ, ‘ಸುಣ್ಣ ನೀವೇ ತೆಗೀರಿ’ ಅಂದ್ರು. ಹದಿನೇಳು ದಿನ ಕೆರೆದೆ, ಕೊನೆಗೆ ಸೂಜಿ ಹಿಡ್ಕೊಂಡು ಗೆರೆ ಗೆರೆಯಿಂದ ತೆಗೆದೆ, ಆದ್ರೂ ಬೀಟೆಯ ಸೂಕ್ಷ್ಮ ರಂಧ್ರಗಳಲ್ಲಿ ಬಿಳಿ ಕೂತುಬಿಟ್ಟಿದೆ, ದೂರದಿಂದ ನೋಡಿದ್ರೆ ವಿಭೂತಿ ಬಳಿದ ಹಾಗೆ ಕಾಣತ್ತೆ. ಈಗ ನಮ್ಮನೆ ಬಾಗಿಲ ಪಕ್ಕ ಇದೆ, ಸ್ಕೂಟರ್ ಕೀ ಅದ್ರ ಮೇಲಿಡ್ತೀವಿ. ಬಂದ ಗಿರಾಕಿಗಳಲ್ಲಿ ನಾಕೈದು ಜನ ಇದು ಯಾವ ಫಿನಿಶ್ ಮೇಡಂ, ತುಂಬ ಡಿಫರೆಂಟಾಗಿದೆ, ರೇಟ್ ಎಷ್ಟು ಅಂತ ಕೇಳಿದಾರೆ. ನಮಸ್ಕಾರ.