ಮೊದಲು ನೀರು, ಆಮೇಲೆ ಗೋಡೆ: ಹಾವುಮೀನಿನ ಮನೆಯ ದುರಸ್ತಿ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ನ್ಯೂ ಆಲ್ರೆಸ್‌ಫರ್ಡ್ ಎಂಬ ಊರಿದೆ. ಅಲ್ಲಿ ಆರ್ಲ್ ನದಿಗೆ ಅಡ್ಡಲಾಗಿ 19ನೇ ಶತಮಾನದ ಪುಟ್ಟ ಇಟ್ಟಿಗೆ ಕಟ್ಟಡವೊಂದು ನಿಂತಿದೆ. ಅದೇ ಈಲ್ ಹೌಸ್, ಹಾವುಮೀನು ಹಿಡಿಯಲು ಕಟ್ಟಿದ ಹಾವುಮೀನಿನ ಮನೆ. ಇಂಥ ಕಟ್ಟಡ ಹೇಗೆ ಕೆಲಸ ಮಾಡುತ್ತಿತ್ತೆಂದು ತಿಳಿಯದೆ ದುರಸ್ತಿಗೆ ಕೈಹಾಕಬಾರದು.

ಯುರೋಪಿನ ಹಾವುಮೀನು ನದಿಯಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಅಟ್ಲಾಂಟಿಕ್ ದಾಟಿ ಸರ್ಗಾಸೊ ಸಮುದ್ರಕ್ಕೆ ಹೋಗುತ್ತದೆ. ಹೊರಡುವುದು ಶರತ್ಕಾಲದ ಕತ್ತಲ ರಾತ್ರಿಗಳಲ್ಲಿ, ಮಳೆಗೆ ನೀರು ಏರಿದಾಗ. ಆಗ ತೂಬಿನ ಹಲಗೆ ಎತ್ತಿದರೆ ನೀರು ಕಟ್ಟಡದ ಅಡಿಯ ಕಂಡಿಗೆ ನುಗ್ಗಿ ಕಬ್ಬಿಣದ ಸರಳುಗಳ ಮೇಲೆ ಬೀಳುತ್ತಿತ್ತು. ನೀರು ಸಂದಿಯಲ್ಲಿ ಇಳಿದುಹೋಗುತ್ತಿತ್ತು, ಮೀನು ಮೇಲೆಯೇ ಉಳಿಯುತ್ತಿತ್ತು.

ಕೆಲಸಕ್ಕೆ ಬೇಸಿಗೆಯ ಕೊನೆಯೇ ಸರಿ. ಸೀಮೆಸುಣ್ಣದ ಕಲ್ಲಿನ ನೆಲದ ಈ ನದಿಗಳಲ್ಲಿ ಆಗ ನೀರು ಇಳಿದಿರುತ್ತದೆ. ಚಳಿಗಾಲದಲ್ಲಿ ಟ್ರೌಟ್ ಮೀನು ಜಲ್ಲಿಯಲ್ಲಿ ಮೊಟ್ಟೆಯಿಡುವುದರಿಂದ ಆಗ ಹೊಳೆ ಕಲಕಬಾರದು. ಒಮ್ಮೆಗೆ ಒಂದೇ ಕಂಡಿಯನ್ನು ಹಲಗೆ, ಮರಳುಮೂಟೆಗಳಿಂದ ಮುಚ್ಚಿ, ಒಳಗುಳಿದ ಮೀನುಗಳನ್ನು ಹಿಡಿದು ಹೊಳೆಗೆ ಬಿಟ್ಟು, ಆಮೇಲೆ ಪಂಪು ಹಾಕಬೇಕು. ಗಾರೆ ತೊಳೆದ ನೀರು ಹೊಳೆ ಸೇರಲೇಬಾರದು. ಸುಣ್ಣದ ಕ್ಷಾರ ಮೀನಿನ ಕಿವಿರನ್ನು ಸುಡುತ್ತದೆ. ಇಟ್ಟಿಗೆ ಮುಟ್ಟುವ ಮೊದಲು ಗೋಡೆಯ ಬುಡ ನೋಡಿ. ನೀರು ಅಡಿಯ ಮಣ್ಣನ್ನು ಕೊರೆದಿದ್ದರೆ ಮೇಲಿನ ಬಿರುಕನ್ನು ಎಷ್ಟು ಸಲ ಮುಚ್ಚಿದರೂ ಮತ್ತೆ ಬಾಯಿ ಬಿಡುತ್ತದೆ.

ಅತಿ ಹೆಚ್ಚು ಹಾನಿ ಮಾಡಿರುವುದು ಹಿಂದಿನವರು ಹಚ್ಚಿದ ಸಿಮೆಂಟು. ಒದ್ದೆ ಗೋಡೆ ಉಸಿರಾಡುವುದು ಇಟ್ಟಿಗೆಗಳ ನಡುವಿನ ಸಂದಿನ ಗಾರೆಯ ಮೂಲಕ. ಅಲ್ಲಿ ಸಿಮೆಂಟು ಕೂತರೆ ನೀರು ಮೆತ್ತನೆಯ ಇಟ್ಟಿಗೆಯಲ್ಲೇ ನಿಂತು, ಹಿಮಗಟ್ಟಿ, ಮುಖವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಕೈಯಲ್ಲೇ ಕೆತ್ತಿ ತೆಗೆಯಿರಿ. ಗ್ರೈಂಡರ್ ಇಟ್ಟಿಗೆಯ ಅಂಚನ್ನೇ ಕೊಯ್ಯುತ್ತದೆ. ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ಆಳ ಬೇಕು. ನೀರು ಚಿಮ್ಮುವೆಡೆ ಬರಿಯ ಸುಣ್ಣ ನಿಲ್ಲದು. ನೀರಿನಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ (ಎನ್‌ಎಚ್‌ಎಲ್ 3.5 ಎಂಬ ದರ್ಜೆಯದು) 1 ಪಾಲಿಗೆ ಒರಟಾದ ಚೂಪುಮರಳು 2.5 ಪಾಲು ಸಾಕು. ನಮ್ಮ ಕೃಷ್ಣರಾಜಸಾಗರ ಕಟ್ಟೆಯಲ್ಲಿ ಈ ಗುಣ ತಂದದ್ದು ಇಟ್ಟಿಗೆಪುಡಿ, ಅಂದರೆ ಸುರ್ಕಿ. ಸಂದಿಗೆ ಮೊದಲು ನೀರುಣಿಸಿ, ಗಾರೆಯನ್ನು ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಿ ಕನಿಷ್ಠ ಒಂದು ವಾರ ಕಾಪಾಡಿ. 5 ಡಿಗ್ರಿಗಿಂತ ಚಳಿಯಿದ್ದರೆ ಆ ಕೆಲಸ ಬೇಡ.

ಗೋಡೆಯೊಳಗೆ ಹೂತ ಸರಳಿನ ತುದಿ ತುಕ್ಕು ಹಿಡಿದು ಉಬ್ಬಿ ಇಟ್ಟಿಗೆ ಸೀಳುತ್ತದೆ. ತುದಿ ಬಿಡಿಸಿ, ಶುಚಿಮಾಡಿ, ಸೀಸ ಹೊಯ್ದು ಕೂರಿಸಬೇಕು. ತೂಬಿನ ಓಕ್ ಹಲಗೆ ಕೊಳೆಯುವುದು ನೀರಿನ ಮಟ್ಟದ ಗೆರೆಯಲ್ಲಿ, ನೆನೆದು ಒಣಗುವ ಕಡೆ. ಅಷ್ಟನ್ನೇ ಕತ್ತರಿಸಿ ಹೊಸ ಓಕ್ ಬೆಸೆಯಬಹುದು. ಬೋಲ್ಟು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಓಕ್ ಮರದ ಒಗರು ಸಾದಾ ಕಬ್ಬಿಣವನ್ನು ತಿನ್ನುತ್ತದೆ.

ಯುರೋಪಿನ ಹಾವುಮೀನು 2008ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ದರ್ಜೆಯಲ್ಲಿದೆ. ಹಾಗಾಗಿ ಸರಳುಗಳನ್ನು ಜನ ನೋಡುವಂತೆ ಉಳಿಸಿದರೂ, ಒಂದು ಕಂಡಿ ಪೂರ್ತಿ ತೆರೆದಿರಬೇಕು, ಅದರಲ್ಲೂ ಅಕ್ಟೋಬರ್ ರಾತ್ರಿಗಳಲ್ಲಿ.