ಕಾಣದ ಚುಕ್ಕಿಗಳನ್ನು ಹುಡುಕುವುದು

ಕೇಳುಗರೆಲ್ಲರಿಗೂ ನಮಸ್ಕಾರ. ಕಾಲೇಜಿನ ಪ್ರಾಜೆಕ್ಟಿಗೆ ತುಂಗಭದ್ರಾ ನೀರಿನ ಲೆಕ್ಕ ತಗೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ಅಡ್ಡಕ್ಕೆ ಜಲಾಶಯದ ಮಟ್ಟ, ಉದ್ದಕ್ಕೆ ಕಾಲುವೆಯಲ್ಲಿ ಹರಿದ ನೀರು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಹಾಕಿದಿರಿ. ಚೌಕಟ್ಟು ಬಂತು, ಅಂಕಿ ಬಂತು, ಚುಕ್ಕಿ ಮಾತ್ರ ಇಲ್ಲ.

ಎಲ್ಲಾ ಚುಕ್ಕಿಯೂ ಮಾಯವಾಗಿದ್ದರೆ ಹೆದರಬೇಡಿ, ಅದು ಸುಲಭದ್ದು. ಪ್ಲಾಟ್ ಅನ್ನುವ ಆದೇಶ ಕೊಟ್ಟಿದ್ದರೆ ಅದು ಬರೀ ಗೆರೆ ಎಳೆಯುತ್ತದೆ, ಚುಕ್ಕಿ ಇಡುವುದಿಲ್ಲ. ಒಂದೇ ದಿನದ ಅಂಕಿ ಇದ್ದರೆ ಗೆರೆಯೂ ಇಲ್ಲ. ಮಾರ್ಕರ್, ಅಂದರೆ ಚುಕ್ಕಿಯ ಗುರುತು, ಯಾವುದು ಅಂತ ಹೇಳಿ, ಬರುತ್ತದೆ. ಚುಕ್ಕಿ ಮಾತ್ರ ಇಡುವ ಸ್ಕ್ಯಾಟರ್ ಅಂತ ಕೊಟ್ಟಿದ್ದರೆ ಎಸ್, ಅಂದರೆ ಚುಕ್ಕಿಯ ಗಾತ್ರದ ಬೆಲೆ ನೋಡಿ. ಅದು ಅಗಲದ ಲೆಕ್ಕ ಅಲ್ಲ, ಅಗಲದ ವರ್ಗ. ಸುಮ್ನೆ ಬಿಟ್ಟರೆ 36 ಇರುತ್ತದೆ, ಅಂದರೆ ಅಗಲ 6 ಪಾಯಿಂಟ್. ಅಗಲ ಎರಡು ಪಟ್ಟು ಬೇಕಾದರೆ 144 ಕೊಡಬೇಕು. ಇಂಟು, ಪ್ಲಸ್ ಗುರುತುಗಳಲ್ಲಿ ಬಣ್ಣ ತುಂಬಲು ಜಾಗವೇ ಇಲ್ಲ, ಗೆರೆಯ ದಪ್ಪ ಹೇಳುವ ಲೈನ್‌ವಿಡ್ತ್ ಸೊನ್ನೆ ಮಾಡಿದರೆ ಗುರುತೇ ಹೋಯಿತು. ಅದೇ ಗ್ರಾಫಿನಲ್ಲಿ ದಪ್ಪ ಗೆರೆಯೂ ಇದ್ದರೆ ಅದು ಚುಕ್ಕಿಗಳ ಮೇಲೆ ಕೂರುತ್ತದೆ, ಯಾಕಂದರೆ ಯಾವುದು ಮೇಲೆ ಅಂತ ಹೇಳುವ ಝಡ್‌ಆರ್ಡರ್ ಗೆರೆಗೆ 2, ಸ್ಕ್ಯಾಟರ್‌ಗೆ 1; ಹೆಚ್ಚಿನದ್ದು ಮೇಲೆ. ಸ್ಕ್ಯಾಟರ್‌ಗೆ 3 ಕೊಡಿ.

ನನಗೆ ನಿಜವಾಗಿ ಚಿಂತೆ ಆಗುವುದು ಕೆಲವೇ ಚುಕ್ಕಿಗಳು ಕಾಣೆಯಾದಾಗ. ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ಫೈಲಿನಲ್ಲಿ ಖಾಲಿ ಬಿಟ್ಟ ಜಾಗ, ಫೈಲ್ ಓದಿಸುವ ಪಾಂಡಾಸ್‌ನಲ್ಲಿ ನ್ಯಾನ್, ಅಂದರೆ 'ಅಂಕಿ ಅಲ್ಲ', ಆಗುತ್ತದೆ, ಆ ಸಾಲಿಗೆ ಚುಕ್ಕಿ ಬೀಳುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಅದನ್ನು ಕಾಮಾ ಹಾಕಿ 1,633 ಅಂತ ಬರೆದಿದ್ದರೆ ಇಡೀ ಕಾಲಮ್ ಅಂಕಿಯಾಗಿ ಉಳಿಯದೆ ಅಕ್ಷರ ಆಗಿಬಿಡುತ್ತದೆ, ಆಮೇಲೆ ಮಟ್ಟಗಳು ಏರಿಳಿತದ ಲೆಕ್ಕ ಬಿಟ್ಟು ಫೈಲಿನಲ್ಲಿ ಬಂದ ಕ್ರಮದಲ್ಲೇ ಸಮ ಅಂತರದಲ್ಲಿ ನಿಲ್ಲುತ್ತವೆ. ಫೈಲ್ ಓದಿಸುವಾಗಲೇ ಥೌಸಂಡ್ಸ್ ಅನ್ನುವ ಆಯ್ಕೆಗೆ ಕಾಮಾ ಕೊಟ್ಟರೆ ಸರಿಹೋಗುತ್ತದೆ. ಎಕ್ಸೆಲ್‌ನಲ್ಲೂ ಇಂಥದ್ದೇ ಕಾಟ: ಎಕ್ಸ್ ಕಾಲಮ್ಮಿನಲ್ಲಿ ಅಕ್ಷರ ಸೇರಿದರೆ ನಿಮ್ಮ ಅಂಕಿ ಬಿಟ್ಟು 1, 2, 3 ಅಂತ ತಾನೇ ಎಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಲಾಗ್ ಸ್ಕೇಲ್, ಅಂದರೆ 1, 10, 100 ಸಮ ಅಂತರದಲ್ಲಿ ನಿಲ್ಲುವ ಅಳತೆ. ಸೊನ್ನೆಗೆ ಲಾಗ್ ಇಲ್ಲ. ಕಾಲುವೆಯಲ್ಲಿ ನೀರು ಬಾರದ ದಿನ ಅಂದರೆ ಸೊನ್ನೆ ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಆ ದಿನಗಳ ಚುಕ್ಕಿಗಳೆಲ್ಲ ಸದ್ದಿಲ್ಲದೆ ಹೋಗಿಬಿಡುತ್ತವೆ. ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ರಾಯಚೂರು ಜಿಲ್ಲೆಯಲ್ಲಿ, ರೈತರು ಕೇಳುವುದು ಆ ದಿನಗಳ ಲೆಕ್ಕವನ್ನೇ. ಅವನ್ನು ಬಿಟ್ಟ ಗ್ರಾಫ್ ನೋಡಿದವರಿಗೆ ಕಾಲುವೆ ದಿನಾ ಹರಿದ ಹಾಗೆ ಕಾಣುತ್ತದೆ, ಅದು ಸುಳ್ಳು. ಲಾಗ್ ಬದಲು ಸಿಮ್‌ಲಾಗ್ ಕೊಡಿ, ಅದು ಸೊನ್ನೆಯ ಹತ್ತಿರ ಮಾಮೂಲಿ ಅಳತೆ ಬಳಸುತ್ತದೆ, ಸೊನ್ನೆಯೂ ಕಾಣುತ್ತದೆ. ಗ್ರಾಫ್ ಯಾರಿಗಾದರೂ ತೋರಿಸುವ ಮೊದಲು ಫೈಲಿನಲ್ಲಿ ಎಷ್ಟು ಸಾಲು ಇವೆ, ಖಾಲಿ ಎಷ್ಟು, ಸೊನ್ನೆ ಎಷ್ಟು ಅಂತ ಎಣಿಸಿ, ಅದನ್ನು ಗ್ರಾಫಿನ ಕೆಳಗೇ ಬರೆಯಿರಿ. ನಮಸ್ಕಾರ.